ಜನರೇಟರ್ ಎಕ್ಸೈಟೇಶನ್ ವ್ಯವಸ್ಥೆಯ ಸಿಗ್ನಲ್ ಕಂಡೀಷನಿಂಗ್ ಕಾರ್ಡುಗಳ ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜನರೇಟರ್‌ನ ತಿರುಗುವ ಭಾಗವಾದ ರೋಟರ್‌ನ ಸುರುಳಿಗೆ (ಫೀಲ್ಡ್) ಡಿಸಿ ಪ್ರವಾಹ ಕೊಟ್ಟು ಯಂತ್ರದ ವೋಲ್ಟೇಜನ್ನು ಹತೋಟಿಯಲ್ಲಿಡುವುದು ಎಕ್ಸೈಟೇಶನ್ ವ್ಯವಸ್ಥೆ. ವಿದ್ಯುದಾಗಾರಗಳ ನಿರ್ವಹಣಾ ಸಿಬ್ಬಂದಿಯೊಡನೆ ನಡೆದ ಮಾತುಕತೆಗಳಲ್ಲಿ, ಅವರು ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಲೆಕ್ಕ ಬೇಕಾದಲ್ಲೆಲ್ಲ ನಮ್ಮಲ್ಲಿ ಬಹಳ ಬಳಕೆಯಲ್ಲಿರುವ 210 ಮೆಗಾವ್ಯಾಟ್ ದರ್ಜೆಯ ಒಂದು ಯಂತ್ರವನ್ನು ಇಟ್ಟುಕೊಂಡಿದ್ದೇನೆ: 15.75 ಕಿಲೋವೋಲ್ಟ್, 247 ಎಂವಿಎ, 9050 ಆಂಪಿಯರ್ ಸ್ಟೇಟರ್ ಪ್ರವಾಹ, ಪೂರ್ಣ ಭಾರದಲ್ಲಿ ಸುಮಾರು 2600 ಆಂಪಿಯರ್ ಫೀಲ್ಡ್ ಪ್ರವಾಹ. ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವ್ಯಾಟ್ ದರ್ಜೆಯ ಏಳು ಯೂನಿಟ್‌ಗಳಿರುವುದರಿಂದ ನಮ್ಮ ಓದುಗರಲ್ಲಿ ಅನೇಕರಿಗೆ ಈ ಗಾತ್ರ ಕೈಯಳತೆಯಲ್ಲೇ ಇದೆ.

## ಮೂಲ ವಿಷಯಗಳು

ಸಿಗ್ನಲ್ ಕಂಡೀಷನಿಂಗ್ ಅಂದರೆ ಪ್ಯಾನೆಲ್‌ನಲ್ಲಿ ಯಾವ ಭಾಗ? ಆ ಹೆಸರಿನ ಬೋರ್ಡು ಎಲ್ಲೂ ಕಾಣುವುದಿಲ್ಲವಲ್ಲ?

ಜನರೇಟರ್‌ನ ವೋಲ್ಟೇಜು ಪಿಟಿಯ (ಅಳತೆಗಾಗಿ ವೋಲ್ಟೇಜು ತಗ್ಗಿಸುವ ಟ್ರಾನ್ಸ್‌ಫಾರ್ಮರ್) ಮೂಲಕ 110 ವೋಲ್ಟ್ ಆಗಿ, ತಿರುಗದ ಭಾಗವಾದ ಸ್ಟೇಟರ್‌ನ ಪ್ರವಾಹ ಸಿಟಿಯ (ಅಳತೆಗಾಗಿ ಪ್ರವಾಹ ತಗ್ಗಿಸುವ ಟ್ರಾನ್ಸ್‌ಫಾರ್ಮರ್) ಮೂಲಕ 5 ಅಥವಾ 1 ಆಂಪಿಯರ್ ಆಗಿ, ಫೀಲ್ಡ್ ಪ್ರವಾಹ ಶಂಟಿನ (ಪ್ರವಾಹ ಅಳೆಯುವ ಸಣ್ಣ ಪ್ರತಿರೋಧ) ಮೇಲೆ ಕೆಲವು ಹತ್ತು ಮಿಲಿವೋಲ್ಟ್ ಆಗಿ, ಫೀಲ್ಡ್ ವೋಲ್ಟೇಜು ನೂರಾರು ವೋಲ್ಟ್ ಡಿಸಿ ಆಗಿ ಪ್ಯಾನೆಲ್‌ಗೆ ಬಂದು ಸೇರುತ್ತವೆ. ಪ್ರೊಸೆಸರ್‌ಗೆ ಬೇಕಾದದ್ದು ಮಾತ್ರ ಕೆಲವೇ ವೋಲ್ಟ್‌ಗಳ ಶುದ್ಧ ಸಂಕೇತ. ಈ ಎರಡರ ನಡುವೆ ನಿಂತು ಸಂಕೇತವನ್ನು ತಗ್ಗಿಸುವ, ಹಿಗ್ಗಿಸುವ, ಸೋಸುವ ಮತ್ತು ಅಪಾಯಕಾರಿ ವೋಲ್ಟೇಜಿನಿಂದ ಬೇರ್ಪಡಿಸುವ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಸಹಾಯಕ ಪಿಟಿ, ಸಹಾಯಕ ಸಿಟಿ, ಐಸೊಲೇಶನ್ ಆಂಪ್ಲಿಫೈಯರ್, ಫಿಲ್ಟರ್, ಟ್ರಾನ್ಸ್‌ಡ್ಯೂಸರ್ ಇವು ಅದರಲ್ಲಿ ಮುಖ್ಯವಾದವು. ಎಸಿಯನ್ನು ಫೀಲ್ಡಿಗೆ ಬೇಕಾದ ಡಿಸಿಯಾಗಿಸುವ ಥೈರಿಸ್ಟರ್‌ಗಳಿಗೆ ಪಲ್ಸ್ ಕೊಡುವ ಕಾಲವನ್ನು ನಿರ್ಧರಿಸುವ ಸಿಂಕ್ರೊನೈಸಿಂಗ್ ವೋಲ್ಟೇಜಿನ ಸರ್ಕಿಟ್ಟನ್ನೂ ನಾನು ಇದರಲ್ಲೇ ಸೇರಿಸುತ್ತೇನೆ. ಕಾರ್ಡುಗಳಿಗೆ ಬರುವ ಟರ್ಮಿನಲ್ಲು, ತಂತಿ ಮತ್ತು ಪವರ್ ಸಪ್ಲೈಗಳನ್ನು ಬಿಟ್ಟು ಕಾರ್ಡನ್ನಷ್ಟೇ ನೋಡಿದರೆ ದೋಷಗಳಲ್ಲಿ ದೊಡ್ಡ ಪಾಲು ಕಣ್ಣಿಗೆ ಬೀಳುವುದೇ ಇಲ್ಲ.

ಈಗ ಎಲ್ಲ ಡಿಜಿಟಲ್ ಆಗಿದೆ, ತನ್ನ ತಪ್ಪನ್ನು ತಾನೇ ಹೇಳುತ್ತದೆ. ಆದರೂ ನಿರ್ವಹಣೆ ಯಾಕೆ?

ಡಿಜಿಟಲ್ ಎವಿಆರ್ (ಜನರೇಟರ್ ವೋಲ್ಟೇಜನ್ನು ತಾನಾಗಿ ಹಿಡಿದಿಡುವ ನಿಯಂತ್ರಕ) ಸತ್ತ ಸಂಕೇತವನ್ನು ಚೆನ್ನಾಗಿ ಗುರುತಿಸುತ್ತದೆ, ಆದರೆ ಸ್ವಲ್ಪವೇ ಸರಿದ ಸಂಕೇತವನ್ನು ಸಾಮಾನ್ಯವಾಗಿ ನಂಬಿಬಿಡುತ್ತದೆ. ಪಿಟಿ ಸರ್ಕಿಟ್ಟಿನ ಒಂದು ಟರ್ಮಿನಲ್ ಸಡಿಲವಾಗಿ 1.1 ವೋಲ್ಟ್ ಅಲ್ಲೇ ಕಳೆದುಹೋಯಿತು ಎಂದಿಟ್ಟುಕೊಳ್ಳಿ. ನಿಯಂತ್ರಕಕ್ಕೆ ವೋಲ್ಟೇಜು ಶೇ. 1ರಷ್ಟು ಕಡಿಮೆಯಾದಂತೆ ತೋರುತ್ತದೆ, ಅದು ಫೀಲ್ಡ್ ಹೆಚ್ಚಿಸಿ ಯಂತ್ರದ ನಿಜವಾದ ವೋಲ್ಟೇಜನ್ನು ಸುಮಾರು 157 ವೋಲ್ಟ್ ಮೇಲಕ್ಕೆ ಒಯ್ಯುತ್ತದೆ, ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಪೂರ್ತಿ ಸತ್ತ ಕಾರ್ಡಿಗಿಂತ ನಿಧಾನವಾಗಿ ಜಾರುವ ಕಾರ್ಡು ಹೆಚ್ಚು ಅಪಾಯಕಾರಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಸತ್ತ ಕಾರ್ಡು ಅಲಾರಂ ಕೊಡುತ್ತದೆ, ಜಾರುವ ಕಾರ್ಡನ್ನು ನಾವೇ ಅಳೆದು ಹಿಡಿಯಬೇಕು.

ಪಿಟಿ ಫ್ಯೂಸ್ ಹೋದರೆ ಜನರೇಟರ್ ವೋಲ್ಟೇಜು ಇಳಿಯುವ ಬದಲು ಏರುತ್ತದಂತೆ, ಹೌದೇ?

ಹೌದು. ಎವಿಆರ್ ಮೂರು ಲೈನ್ ವೋಲ್ಟೇಜುಗಳ ಸರಾಸರಿಯನ್ನು ನೋಡುತ್ತಿದ್ದು, ಒಂದು ಫೇಸ್ ಪೂರ್ತಿ ಸೊನ್ನೆಗೆ ಇಳಿಯಿತೆಂದರೆ ಒಂದು ಲೈನ್ ವೋಲ್ಟೇಜು ಪೂರ್ತಿಯಾಗಿ ಉಳಿದು, ಉಳಿದೆರಡು ಶೇ. 58ಕ್ಕೆ ಇಳಿಯುತ್ತವೆ, ಸರಾಸರಿ ಸುಮಾರು ಶೇ. 72 ಆಗುತ್ತದೆ. ಇಷ್ಟು ದೊಡ್ಡ ಕೊರತೆಯನ್ನು ಕಂಡ ನಿಯಂತ್ರಕ ಫೀಲ್ಡನ್ನು ಗರಿಷ್ಠ ಮಟ್ಟಕ್ಕೆ ತಳ್ಳುತ್ತದೆ. ಇದನ್ನು ತಡೆಯಲೆಂದೇ ಎರಡು ಪಿಟಿಗಳನ್ನು ಹೋಲಿಸಿ ನೋಡುವ ಪಿಟಿ ವೈಫಲ್ಯದ ತರ್ಕವಿರುತ್ತದೆ. ವ್ಯತ್ಯಾಸ ಕಂಡೊಡನೆ ಅದು ಇನ್ನೊಂದು ಚಾನೆಲ್‌ಗೋ (ಎವಿಆರ್‌ನ ಬದಲಿ ನಿಯಂತ್ರಣ ಸಾಲು) ಮ್ಯಾನುಯಲ್‌ಗೋ ಬದಲಾಯಿಸುತ್ತದೆ. ಆದರೆ ಆ ತರ್ಕವನ್ನು ದೊಡ್ಡ ವ್ಯತ್ಯಾಸಕ್ಕೆ ಮಾತ್ರ ಸ್ಪಂದಿಸುವಂತೆ ಹೊಂದಿಸಿರುತ್ತಾರೆ. ಫ್ಯೂಸ್ ಹಿಡಿಕೆಯ ತುದಿ ಕಪ್ಪಾಗಿ ಎರಡು ಮೂರು ವೋಲ್ಟ್ ನುಂಗುತ್ತಿದ್ದರೆ ಅದು ಸುಮ್ಮನಿರುತ್ತದೆ. ಆದ್ದರಿಂದ ಪ್ರತಿ ಶಟ್‌ಡೌನ್‌ನಲ್ಲೂ ಫ್ಯೂಸ್ ಹಿಡಿಕೆಗಳನ್ನು ಹೊರತೆಗೆದು, ಸಂಪರ್ಕದ ಮುಖವನ್ನು ಬೆಳಕಿಗೆ ಹಿಡಿದು ನೋಡಿ, ಹಿಡಿತದ ಬಿಗಿಯನ್ನು ಪರೀಕ್ಷಿಸಬೇಕು.

ನಮ್ಮಲ್ಲಿ ಎರಡು ಚಾನೆಲ್ ಇದೆ. ಒಂದು ಕೆಟ್ಟರೆ ಇನ್ನೊಂದು ನೋಡಿಕೊಳ್ಳುತ್ತದೆ ಅಲ್ಲವೇ?

ಕೇಂದ್ರ ವಿದ್ಯುತ್ ಪ್ರಾಧಿಕಾರವು 2007ರಲ್ಲಿ ಹೊರಡಿಸಿದ ಗ್ರಿಡ್ ಸಂಪರ್ಕದ ತಾಂತ್ರಿಕ ಮಾನದಂಡಗಳ ಪ್ರಕಾರ 100 ಮೆಗಾವ್ಯಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಯಂತ್ರಗಳ ಎವಿಆರ್‌ಗೆ ಎರಡು ಪ್ರತ್ಯೇಕ ಚಾನೆಲ್‌ಗಳು, ಸ್ವತಂತ್ರ ಇನ್‌ಪುಟ್‌ಗಳು ಮತ್ತು ತಾನೇ ತಾನಾಗಿ ಬದಲಾಗುವ ವ್ಯವಸ್ಥೆ ಇರಬೇಕು. ಇಲ್ಲಿ ಮುಖ್ಯವಾದ ಮಾತು ಸ್ವತಂತ್ರ ಇನ್‌ಪುಟ್ ಎಂಬುದು. ಎರಡೂ ಚಾನೆಲ್‌ಗಳು ಒಂದೇ ಪಿಟಿಯಿಂದ, ಒಂದೇ ಟರ್ಮಿನಲ್ ಸಾಲಿನಿಂದ ಅಥವಾ ಒಂದೇ ಪವರ್ ಸಪ್ಲೈಯಿಂದ ನಡೆಯುತ್ತಿದ್ದರೆ ಅವು ಎರಡಾಗಿ ಕಂಡರೂ ಕೆಡುವುದು ಒಟ್ಟಿಗೇ. ಡ್ರಾಯಿಂಗ್ ಹಿಡಿದು ಪ್ರತಿ ಸಂಕೇತವನ್ನೂ ಮೂಲದವರೆಗೆ ಹಿಂಬಾಲಿಸಿ ಇದನ್ನು ಒಮ್ಮೆಯಾದರೂ ಖಚಿತಪಡಿಸಿಕೊಳ್ಳಿ.

ಎರಡು ಚಾನೆಲ್‌ಗಳ ಅಳತೆ ಒಂದಕ್ಕೊಂದು ತಾಳೆಯಾಗುವುದೂ ಅಷ್ಟೇ ಮುಖ್ಯ. ಒಂದರ ಅಳತೆ ಇನ್ನೊಂದಕ್ಕಿಂತ ಶೇ. 1ರಷ್ಟು ಬೇರೆಯಾಗಿದ್ದು, ಬದಲಾದ ಮೇಲೆ ಯಂತ್ರದ ವೋಲ್ಟೇಜು ಅಷ್ಟೇ ಸರಿಯಿತೆಂದರೆ, ಶೇ. 15 ರಿಯಾಕ್ಟೆನ್ಸ್ ಇರುವ ಜನರೇಟರ್ ಟ್ರಾನ್ಸ್‌ಫಾರ್ಮರ್ ಮತ್ತು ಬಲವಾದ ಗ್ರಿಡ್ ಇರುವಲ್ಲಿ ಸುಮಾರು 16 ಎಂವಿಎಆರ್ (ರಿಯಾಕ್ಟಿವ್ ಶಕ್ತಿಯ ಅಳತೆ) ಒಮ್ಮೆಲೇ ಏರುತ್ತದೆ ಅಥವಾ ಇಳಿಯುತ್ತದೆ.

ಆಟೋದಲ್ಲಿ ಸಂಕೇತ ಕುಣಿಯುತ್ತಿದೆ. ಓವರ್‌ಹಾಲ್‌ವರೆಗೆ ಮ್ಯಾನುಯಲ್‌ನಲ್ಲೇ ಓಡಿಸಿದರೆ ಏನಾಗುತ್ತದೆ?

ಮ್ಯಾನುಯಲ್ ಎಂದರೆ ಫೀಲ್ಡ್ ಪ್ರವಾಹವನ್ನು ಮಾತ್ರ ಸ್ಥಿರವಾಗಿ ಹಿಡಿದಿಡುವ ವಿಧಾನ. ಭಾರ ಬದಲಾದರೆ, ಗ್ರಿಡ್ ವೋಲ್ಟೇಜು ಕುಸಿದರೆ ಯಂತ್ರ ತಾನಾಗಿ ನೆರವಿಗೆ ಬರುವುದಿಲ್ಲ. ಅನೇಕ ವ್ಯವಸ್ಥೆಗಳಲ್ಲಿ ಗ್ರಿಡ್‌ನ ಶಕ್ತಿ ಆಂದೋಲನಗಳನ್ನು ತಣಿಸುವ ಪವರ್ ಸಿಸ್ಟಮ್ ಸ್ಟೆಬಿಲೈಸರ್ ಕೂಡ ಆಗ ಕೆಲಸ ಮಾಡುವುದಿಲ್ಲ. 2003ರ ಆಗಸ್ಟ್ 14ರಂದು ಉತ್ತರ ಅಮೆರಿಕದಲ್ಲಿ ದೊಡ್ಡ ಕತ್ತಲು ಕವಿದ ದಿನ, ಓಹಾಯೊದ ಈಸ್ಟ್‌ಲೇಕ್ 5ನೇ ಯೂನಿಟ್‌ನ ಎವಿಆರ್ ಅತಿಯಾದ ಎಕ್ಸೈಟೇಶನ್ ಕಾರಣದಿಂದ ಮ್ಯಾನುಯಲ್‌ಗೆ ಬಿದ್ದಿತ್ತು, ಅದನ್ನು ಮತ್ತೆ ಆಟೋಗೆ ತರುವ ಯತ್ನದಲ್ಲಿ ಯೂನಿಟ್ಟೇ ಟ್ರಿಪ್ ಆಯಿತು. ಅಲ್ಲಿ ಸಂಕೇತದ ದೋಷವಿರಲಿಲ್ಲ, ನಿಜ. ಆದರೆ ಮ್ಯಾನುಯಲ್ ಮತ್ತು ಆಟೋಗಳ ನಡುವಿನ ದಾಟು ಎಷ್ಟು ಸೂಕ್ಷ್ಮವೆಂಬುದು ಅದರಿಂದ ಗೊತ್ತಾಗುತ್ತದೆ. ಸಂಕೇತ ಕುಣಿಯುತ್ತಿದ್ದರೆ ಸ್ವಸ್ಥವಾಗಿರುವ ಚಾನೆಲ್‌ಗೆ ಬದಲಾಯಿಸಿ, ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ತಿಳಿಸಿ, ಮೊದಲು ಸಿಗುವ ಶಟ್‌ಡೌನ್‌ನಲ್ಲೇ ಸರಿಪಡಿಸಿಕೊಳ್ಳುವುದು ಸರಿಯಾದ ದಾರಿ.

## ನಿತ್ಯದ ನಿರ್ವಹಣೆ

ಯೂನಿಟ್ ಓಡುತ್ತಿರುವಾಗ ಮುಟ್ಟದೆ ಏನೇನು ನೋಡಬಹುದು?

ಎರಡೂ ಚಾನೆಲ್‌ಗಳ ಟರ್ಮಿನಲ್ ವೋಲ್ಟೇಜು, ಸ್ಟೇಟರ್ ಪ್ರವಾಹ, ಮೆಗಾವ್ಯಾಟ್, ಎಂವಿಎಆರ್, ಫೀಲ್ಡ್ ಪ್ರವಾಹ ಮತ್ತು ಫೀಲ್ಡ್ ವೋಲ್ಟೇಜುಗಳನ್ನು ಒಂದೇ ಗಳಿಗೆಯಲ್ಲಿ ಬರೆದುಕೊಂಡು, ರಿಲೇ ಪ್ಯಾನೆಲ್‌ನ ಅಳತೆಯೊಡನೆ ತಾಳೆ ನೋಡಿ. ವಾರಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು. ಒಂದು ದಿನದ ಅಂಕಿ ಏನನ್ನೂ ಹೇಳುವುದಿಲ್ಲ. ಎರಡು ಚಾನೆಲ್‌ಗಳ ಅಂತರ ತಿಂಗಳಿನಿಂದ ತಿಂಗಳಿಗೆ ಬೆಳೆಯುತ್ತಿದೆಯೇ ಎಂಬುದು ಎಲ್ಲವನ್ನೂ ಹೇಳುತ್ತದೆ. ಫೀಲ್ಡ್ ವೋಲ್ಟೇಜನ್ನು ಫೀಲ್ಡ್ ಪ್ರವಾಹದಿಂದ ಭಾಗಿಸಿದರೆ ರೋಟರ್‌ನ ಬಿಸಿ ಪ್ರತಿರೋಧ ಸಿಗುತ್ತದೆ. ಭಾರವೂ ತಂಪುಗೊಳಿಸುವ ಅನಿಲದ ತಾಪಮಾನವೂ ಬದಲಾಗದಿದ್ದಾಗ ಈ ಸಂಖ್ಯೆ ಸರಿಯತೊಡಗಿದರೆ ಎರಡು ಅಳತೆಗಳಲ್ಲಿ ಒಂದು ಜಾರುತ್ತಿದೆ ಎಂದೋ, ಬ್ರಷ್‌ಗಳ ಕಡೆ ತೊಂದರೆಯಿದೆ ಎಂದೋ ಸಂಶಯಪಡಬೇಕು.

ಪ್ಯಾನೆಲ್ ಬಾಗಿಲು ಮುಚ್ಚಿಯೇ ಇರುತ್ತದೆ. ಒಳಗೆ ದೂಳು ಎಲ್ಲಿಂದ ಬರುತ್ತದೆ?

ತಂಪು ಫ್ಯಾನ್‌ಗಳು ಎಳೆಯುವ ಗಾಳಿಯೊಡನೆ ಬರುತ್ತದೆ. ಉಷ್ಣ ಸ್ಥಾವರಗಳಲ್ಲಿ ಹಾರುಬೂದಿ ಇರುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಕೆಟ್ಟದ್ದು ತಿರುಗುವ ರೋಟರ್‌ಗೆ ಪ್ರವಾಹ ತಲುಪಿಸುವ ಸ್ಲಿಪ್ ರಿಂಗ್ ಬ್ರಷ್‌ಗಳಿಂದ ಉದುರುವ ಇಂಗಾಲದ ಪುಡಿ, ಯಾಕೆಂದರೆ ಅದು ವಿದ್ಯುತ್ತನ್ನು ಹರಿಸುತ್ತದೆ. ಐಸೊಲೇಶನ್ ಆಂಪ್ಲಿಫೈಯರ್‌ನ ಎರಡು ಬದಿಗಳ ನಡುವೆ ತೆಳ್ಳಗೆ ಕಪ್ಪು ಪದರ ಕೂತರೆ ಮೊದಲು ಅಳತೆ ಜಾರುತ್ತದೆ, ಆಮೇಲೆ ಫೀಲ್ಡ್ ಅರ್ತ್ ಫಾಲ್ಟ್ (ಫೀಲ್ಡಿನಿಂದ ನೆಲಕ್ಕೆ ಸೋರಿಕೆ) ಅಲಾರಂ ಕಾರಣ ಗೊತ್ತಾಗದಂತೆ ಬಂದು ಹೋಗುತ್ತದೆ. ಮಲೆನಾಡಿನ ಜಲವಿದ್ಯುದಾಗಾರಗಳಲ್ಲಿ, ಅದರಲ್ಲೂ ವಾರಾಹಿಯಂಥ ಭೂಗತ ವಿದ್ಯುದಾಗಾರದಲ್ಲಿ, ಶತ್ರು ತೇವ. ಯೂನಿಟ್ ನಿಂತು ಪ್ಯಾನೆಲ್ ತಣ್ಣಗಾದ ರಾತ್ರಿಯಲ್ಲೇ ಕಾರ್ಡಿನ ಮೇಲೆ ನೀರು ಕಟ್ಟುತ್ತದೆ, ಆದ್ದರಿಂದ ಸ್ಪೇಸ್ ಹೀಟರ್ ನಿಜವಾಗಿಯೂ ಬಿಸಿಯಾಗುತ್ತಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಬೇಕು.

ಶುಚಿ ಮಾಡುವಾಗ ಏರ್ ಕಂಪ್ರೆಸರ್ ಹಚ್ಚಿ ಊದಬೇಡಿ. ಅದು ಪುಡಿಯನ್ನು ಕನೆಕ್ಟರ್‌ಗಳ ಒಳಕ್ಕೆ ತಳ್ಳುತ್ತದೆ, ಗಾಳಿಯೊಡನೆ ನೀರನ್ನೂ ಎಣ್ಣೆಯನ್ನೂ ತರುತ್ತದೆ. ಸ್ಥಿರವಿದ್ಯುತ್ ಹುಟ್ಟಿಸದ ಮೃದು ಬ್ರಷ್ ಮತ್ತು ವ್ಯಾಕ್ಯೂಮ್ ಕ್ಲೀನರ್ ಸಾಕು. ಕೇಬಲ್ ಗ್ಲ್ಯಾಂಡ್‌ಗಳ ತೆರವುಗಳನ್ನು ಮುಚ್ಚಿಡಿ. ಬೆಚ್ಚಗಿನ ಪ್ಯಾನೆಲ್ ಹುಡುಕಿ ಬರುವ ಹಲ್ಲಿ ಎರಡು ಟರ್ಮಿನಲ್‌ಗಳ ನಡುವೆ ಸತ್ತು ಬಿದ್ದರೆ ಯೂನಿಟ್ ಟ್ರಿಪ್ ಆಗಲು ಅಷ್ಟೇ ಸಾಕು.

ಪವರ್ ಸಪ್ಲೈ 24 ವೋಲ್ಟ್ ಸರಿಯಾಗಿ ತೋರಿಸುತ್ತಿದೆ. ಆದರೂ ಬದಲಾಯಿಸಬೇಕು ಅನ್ನುತ್ತೀರಲ್ಲ?

ಮಲ್ಟಿಮೀಟರ್ ಡಿಸಿ ಸರಾಸರಿಯನ್ನು ತೋರಿಸುತ್ತದೆ, ಅದರ ಮೇಲೆ ಕೂತಿರುವ ಏರಿಳಿತವನ್ನು ತೋರಿಸುವುದಿಲ್ಲ. ಪವರ್ ಸಪ್ಲೈನ ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರ್‌ಗಳು ಒಣಗುತ್ತ ಬಂದಂತೆ ಅವುಗಳ ಒಳಪ್ರತಿರೋಧ ಹೆಚ್ಚಿ ಈ ಏರಿಳಿತ ಬೆಳೆಯುತ್ತದೆ, ಅದು ಪ್ರತಿ ಅಳತೆಯೊಳಕ್ಕೂ ಸೇರಿಕೊಳ್ಳುತ್ತದೆ. ಆಸಿಲೊಸ್ಕೋಪನ್ನು ಎಸಿ ಕಪ್ಲಿಂಗ್‌ನಲ್ಲಿಟ್ಟು, ಪೂರ್ಣ ಭಾರ ಇರುವಾಗ 24 ವೋಲ್ಟ್, 15 ವೋಲ್ಟ್ ಮತ್ತು 5 ವೋಲ್ಟ್ ಸಾಲುಗಳನ್ನು ನೋಡಿ, ಹೊಸ ಘಟಕದಲ್ಲಿ ತೆಗೆದಿಟ್ಟ ಚಿತ್ರದೊಡನೆ ಹೋಲಿಸಬೇಕು. ಕೆಪ್ಯಾಸಿಟರ್ ಇರುವ ಜಾಗದ ತಾಪಮಾನ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರಾಗಿ ಅರ್ಧಕ್ಕಿಳಿಯುತ್ತದೆ ಎಂಬುದು ಎಲ್ಲರೂ ಒಪ್ಪಿರುವ ಲೆಕ್ಕ. ಹೀಗಾಗಿ ಏರ್ ಕಂಡೀಷನರ್ ಕೆಟ್ಟ ಕೋಣೆಯಲ್ಲಿ ಕಳೆದ ಒಂದು ಬೇಸಿಗೆಯ ಬೆಲೆ ಕೆಲವು ವರ್ಷಗಳ ನಂತರ ಗೊತ್ತಾಗುತ್ತದೆ.

ಸ್ಟೋರ್‌ನಲ್ಲಿ ಹೊಸ ಕಾರ್ಡು ಸೀಲ್ ಸಮೇತ ಇದೆ. ಅದು ಹಾಗೇ ಇದ್ದರೆ ಚೆನ್ನಾಗಿರುತ್ತದಲ್ಲವೇ?

ಪವರ್ ಕಾಣದೆ ವರ್ಷಗಟ್ಟಲೆ ಇರುವ ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರ್‌ನ ಒಳಗಿನ ಆಕ್ಸೈಡ್ ಪದರ ಕ್ಷೀಣಿಸುತ್ತದೆ. ತುರ್ತಿನಲ್ಲಿ ನೇರ ಪೂರ್ಣ ವೋಲ್ಟೇಜು ಕೊಟ್ಟರೆ ಅದು ಅಲ್ಲೇ ಸುಡಬಹುದು. ಬಿಡಿ ಪವರ್ ಸಪ್ಲೈಗಳಿಗೆ ವರ್ಷಕ್ಕೊಮ್ಮೆ ಕೆಲವು ಗಂಟೆ ವಿದ್ಯುತ್ ಕೊಟ್ಟು ಇಡಿ. ಬಿಡಿ ಕಾರ್ಡಿನ ಜಂಪರ್‌ಗಳು, ರೇಂಜ್ ರೆಸಿಸ್ಟರ್‌ಗಳು, ಆವೃತ್ತಿ ಸಂಖ್ಯೆ ಓಡುತ್ತಿರುವ ಕಾರ್ಡಿಗೆ ತಾಳೆಯಾಗುತ್ತವೆಯೇ ಎಂದು ಈಗಲೇ ನೋಡಿ, ಚೀಟಿ ಬರೆದು ಅಂಟಿಸಿ. ಸಿಟಿ 1 ಆಂಪಿಯರ್ ಇರುವಲ್ಲಿ 5 ಆಂಪಿಯರ್‌ನ ಕಾರ್ಡು ಕೂತದ್ದು ರಾತ್ರಿ ಎರಡು ಗಂಟೆಗೆ ಗೊತ್ತಾದರೆ ಅದಕ್ಕೆ ಪರಿಹಾರವಿಲ್ಲ.

ಕಾರ್ಡು ತೆಗೆಯುವ ಮೊದಲು ತಪ್ಪದೆ ಮಾಡಬೇಕಾದದ್ದು ಏನು?

ಸಿಟಿಯ ದ್ವಿತೀಯಕವನ್ನು ಟೆಸ್ಟ್ ಟರ್ಮಿನಲ್‌ನಲ್ಲಿ ಶಾರ್ಟ್ ಮಾಡಿ, ಶಾರ್ಟ್ ಆಗಿದೆ ಎಂದು ಕ್ಲ್ಯಾಂಪ್ ಮೀಟರ್‌ನಿಂದ ದೃಢಪಡಿಸಿಕೊಂಡ ಮೇಲೆ ಮಾತ್ರ ಮುಂದಿನ ಲಿಂಕ್ ತೆರೆಯಬೇಕು. ಪ್ರವಾಹ ಹರಿಯುತ್ತಿರುವ ಸಿಟಿ ತೆರೆದುಕೊಂಡರೆ ಅಲ್ಲಿ ಹುಟ್ಟುವ ವೋಲ್ಟೇಜು ಮನುಷ್ಯನನ್ನೂ ಕಾರ್ಡನ್ನೂ ಬಿಡುವುದಿಲ್ಲ. ಪಿಟಿಯಲ್ಲಿ ಇದಕ್ಕೆ ತದ್ವಿರುದ್ಧ: ಅದನ್ನು ತೆರೆಯಬೇಕು, ಎಂದೂ ಶಾರ್ಟ್ ಮಾಡಬಾರದು. ಪರ್ಮಿಟ್‌ನಲ್ಲಿ ತೆರೆದ ಮತ್ತು ಶಾರ್ಟ್ ಮಾಡಿದ ಪ್ರತಿ ಟರ್ಮಿನಲ್ ಸಂಖ್ಯೆಯನ್ನೂ ಬರೆಯಿರಿ, ಹಿಂದಿರುಗಿಸುವಾಗ ಇನ್ನೊಬ್ಬರು ಅದನ್ನು ಓದಿ ತಪಾಸಣೆ ಮಾಡಲಿ. ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿಕೊಳ್ಳುವುದನ್ನು ಕಾರ್ಡು ಮುಟ್ಟುವ ಪ್ರತಿಯೊಬ್ಬರೂ ರೂಢಿ ಮಾಡಿಕೊಳ್ಳಬೇಕು.

ರೋಟರ್‌ಗೆ ಮೆಗ್ಗರ್ ಹಾಕುವಾಗ ಎಕ್ಸೈಟೇಶನ್ ಪ್ಯಾನೆಲ್‌ನಲ್ಲಿ ಏನಾದರೂ ಬಿಡಿಸಬೇಕೇ?

ಬಿಡಿಸಲೇಬೇಕು. 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಉಪಕರಣ) ರೋಟರ್‌ಗೆ ಸಾಮಾನ್ಯ ಪರೀಕ್ಷೆ, ಆದರೆ ಅದೇ ಸರ್ಕಿಟ್ಟಿಗೆ ಫೀಲ್ಡ್ ವೋಲ್ಟೇಜಿನ ಐಸೊಲೇಶನ್ ಆಂಪ್ಲಿಫೈಯರ್, ಶಂಟಿನ ಮಿಲಿವೋಲ್ಟ್ ತಂತಿಗಳು, ಅರ್ತ್ ಫಾಲ್ಟ್ ರಿಲೇಯ ಕಪ್ಲಿಂಗ್ ಘಟಕ ಇವೆಲ್ಲ ಸೇರಿಕೊಂಡಿರುತ್ತವೆ. ಅವನ್ನು ಪ್ರತ್ಯೇಕಿಸದೆ ಪರೀಕ್ಷೆ ಮಾಡಿದರೆ ಕಾರ್ಡು ಕೆಡಬಹುದು; ಕೆಡದಿದ್ದರೂ ಅವುಗಳ ಮೂಲಕ ಹರಿಯುವ ಪ್ರವಾಹ ಸೇರಿ ರೋಟರ್‌ನ ಇನ್ಸುಲೇಶನ್ ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ.

## ಅಳತೆ ಮತ್ತು ಕ್ಯಾಲಿಬ್ರೇಶನ್

ಕ್ಯಾಲಿಬ್ರೇಶನ್ ಮಾಡುವಾಗ ತಪ್ಪು ಕಂಡೊಡನೆ ಸರಿಪಡಿಸಿಬಿಟ್ಟರೆ ಸಾಕಲ್ಲವೇ?

ಸಾಲದು. ಏನನ್ನೂ ತಿರುಗಿಸುವ ಮೊದಲು ಇದ್ದ ಸ್ಥಿತಿಯ ಅಳತೆಯನ್ನು ಪೂರ್ತಿ ಬರೆದುಕೊಳ್ಳಬೇಕು. ಸರಿಪಡಿಸಿದ ನಂತರದ ಅಂಕಿಗಳನ್ನಷ್ಟೇ ಬರೆದರೆ ದಾಖಲೆ ಪ್ರತಿ ವರ್ಷವೂ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಯಾವ ಕಾರ್ಡು ಯಾವ ಕಡೆಗೆ ಎಷ್ಟು ಜಾರುತ್ತಿದೆ ಎಂಬ ಮಾಹಿತಿ ಶಾಶ್ವತವಾಗಿ ಕಳೆದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕ್ಯಾಲಿಬ್ರೇಶನ್‌ನಲ್ಲಿ ಅತ್ಯಂತ ಬೆಲೆಬಾಳುವ ಸಾಲು ಅದೇ.

ಮೂರು ಫೇಸ್ ಇಂಜೆಕ್ಷನ್ ಕಿಟ್‌ನಿಂದ (ಪರೀಕ್ಷೆಗಾಗಿ ವೋಲ್ಟೇಜು, ಪ್ರವಾಹ ಕೊಡುವ ಉಪಕರಣ) ವೋಲ್ಟೇಜನ್ನು ಶೇ. 0, 25, 50, 75, 100 ಮತ್ತು 110ಕ್ಕೆ ಕೊಟ್ಟು ಏರುವಾಗಲೂ ಇಳಿಯುವಾಗಲೂ ಓದಿಕೊಳ್ಳಿ. 10000/5 ಅನುಪಾತದ ಸಿಟಿ ಇದ್ದರೆ ಪೂರ್ಣ ಭಾರಕ್ಕೆ ದ್ವಿತೀಯಕದಲ್ಲಿ 4.525 ಆಂಪಿಯರ್ ಬರುತ್ತದೆ. 5 ಆಂಪಿಯರ್ ಕೊಟ್ಟು ಅದನ್ನೇ ಶೇ. 100 ಎಂದು ಭಾವಿಸುವ ತಪ್ಪು ಆಗಾಗ ನಡೆಯುತ್ತದೆ. 50 ಹರ್ಟ್ಸ್‌ನಲ್ಲಿ ಮುಗಿಸದೆ 47ರಿಂದ 52 ಹರ್ಟ್ಸ್‌ವರೆಗೂ ಒಮ್ಮೆ ನೋಡಿ, ಯಾಕೆಂದರೆ ಫಿಲ್ಟರ್ ಕೆಪ್ಯಾಸಿಟರ್‌ನ ಮೌಲ್ಯ ಸರಿದಿದ್ದರೆ ಆವರ್ತನದೊಡನೆ ಅಳತೆ ಬದಲಾಗುತ್ತದೆ. 4ರಿಂದ 20 ಮಿಲಿಆಂಪಿಯರ್ ಕೊಡುವ ಟ್ರಾನ್ಸ್‌ಡ್ಯೂಸರ್‌ಗಳಲ್ಲಿ ಒಂದು ತಂತಿ ಬಿಚ್ಚಿ, 4ಕ್ಕಿಂತ ಕೆಳಗಿಳಿದ ಪ್ರವಾಹವನ್ನು ಎವಿಆರ್ ದೋಷವೆಂದು ಓದುತ್ತದೆಯೋ ಬರೀ ಸೊನ್ನೆ ಎಂದು ಓದುತ್ತದೆಯೋ ನೋಡುವುದನ್ನು ಮರೆಯಬೇಡಿ.

ಯೂನಿಟ್ ನಿಂತಿದ್ದರೂ ಫೀಲ್ಡ್ ಪ್ರವಾಹ 60 ಆಂಪಿಯರ್ ತೋರಿಸುತ್ತದೆ. ಎಲ್ಲಿಂದ ಬಂತು?

4000 ಆಂಪಿಯರ್‌ಗೆ 60 ಮಿಲಿವೋಲ್ಟ್ ಕೊಡುವ ಶಂಟನ್ನು ತೆಗೆದುಕೊಳ್ಳಿ. ಅದರಲ್ಲಿ 1 ಮಿಲಿವೋಲ್ಟ್ ಎಂದರೆ 67 ಆಂಪಿಯರ್. ಅಂದರೆ ನೀವು ಕಾಣುತ್ತಿರುವುದು 1 ಮಿಲಿವೋಲ್ಟ್‌ಗೂ ಕಡಿಮೆಯ ತಪ್ಪು. ಮೊದಲು ಆಂಪ್ಲಿಫೈಯರ್‌ನ ಇನ್‌ಪುಟ್ ತಂತಿಗಳನ್ನು ಕಾರ್ಡಿನ ಹತ್ತಿರವೇ ಶಾರ್ಟ್ ಮಾಡಿ ನೋಡಿ. 60 ಹಾಗೆಯೇ ಉಳಿದರೆ ಆಂಪ್ಲಿಫೈಯರ್‌ನ ಆಫ್‌ಸೆಟ್ ಜಾರಿದೆ. ಸೊನ್ನೆಯಾದರೆ ದೋಷ ತಂತಿಯ ದಾರಿಯಲ್ಲಿದೆ: ಬೇರೆ ಲೋಹದ ಲಗ್ಗು ಸೇರಿಸಿ ಒಂದು ತುದಿ ಬಿಸಿ, ಇನ್ನೊಂದು ತಣ್ಣಗಿರುವ ಜಾಗ, ತುಕ್ಕು ಹಿಡಿದ ಸ್ಕ್ರೂ, ಇಲ್ಲವೇ ಪವರ್ ಕೇಬಲ್ಲಿನ ಪಕ್ಕದಲ್ಲೇ ಓಡುವ ತಿರುಚದ ಜೋಡಿ ತಂತಿ. ಸೊನ್ನೆಯಲ್ಲಿ 60 ಆಂಪಿಯರ್ ಹೆಚ್ಚು ಕಾಣುತ್ತಿದ್ದರೆ ಅದೇ ತಪ್ಪು 2600ರಲ್ಲೂ ಇರುತ್ತದೆ ಮತ್ತು ಫೀಲ್ಡ್ ಪ್ರವಾಹ ಮಿತಿ ಮೀರದಂತೆ ತಡೆಯುವ ಓವರ್ ಎಕ್ಸೈಟೇಶನ್ ಲಿಮಿಟರ್ ಬೇಗನೆ ಹಿಡಿಯುತ್ತದೆ. ಕಡಿಮೆ ಕಾಣುತ್ತಿದ್ದರೆ ರೋಟರ್ ಬಿಸಿಯಾದರೂ ಲಿಮಿಟರ್ ತಡವಾಗಿ ಎಚ್ಚರಗೊಳ್ಳುತ್ತದೆ. ಎರಡನೆಯದು ಹೆಚ್ಚು ಚಿಂತೆಯ ವಿಷಯ.

ಕೇಬಲ್ಲಿನ ಶೀಲ್ಡ್ (ಲೋಹದ ಹೊದಿಕೆ) ಒಂದೇ ಬದಿ ಅರ್ತ್ ಮಾಡಬೇಕೋ ಎರಡೂ ಬದಿಯೋ?

ಮಿಲಿವೋಲ್ಟ್ ಮತ್ತು ಮಿಲಿಆಂಪಿಯರ್ ಸಂಕೇತಗಳಿಗೆ ಒಂದೇ ಬದಿ, ಸಾಮಾನ್ಯವಾಗಿ ಪ್ಯಾನೆಲ್ ಬದಿ. ಎರಡೂ ಬದಿ ಕಟ್ಟಿದರೆ ಟರ್ಬೈನ್ ಮಹಡಿಯ ಅರ್ತ್ ಮತ್ತು ಪ್ಯಾನೆಲ್ ಅರ್ತ್‌ಗಳ ನಡುವಿನ ವೋಲ್ಟೇಜು ಶೀಲ್ಡಿನಲ್ಲೇ ಪ್ರವಾಹ ಹರಿಸಿ ಸಂಕೇತದೊಳಕ್ಕೆ ಗದ್ದಲ ಸೇರಿಸುತ್ತದೆ. ಪಿಟಿ ದ್ವಿತೀಯಕದ ಅರ್ತ್ ಕೂಡ ಒಂದೇ ಜಾಗದಲ್ಲಿರಬೇಕು.

ಫೀಲ್ಡ್ ವೋಲ್ಟೇಜಿನ ಮೀಟರ್ ಸರಿಯಾಗಿದೆ. ಆಸಿಲೊಸ್ಕೋಪ್ ಹಚ್ಚುವ ಅಗತ್ಯವಿದೆಯೇ?

ಆರು ಪಲ್ಸ್ ಥೈರಿಸ್ಟರ್ ಬ್ರಿಡ್ಜ್‌ನ ಔಟ್‌ಪುಟ್‌ನಲ್ಲಿ 300 ಹರ್ಟ್ಸ್ ಏರಿಳಿತ ಸಹಜ. ಒಂದು ಥೈರಿಸ್ಟರ್ ಹಚ್ಚಿಕೊಳ್ಳದಿದ್ದರೆ ಮಾದರಿ 20 ಮಿಲಿಸೆಕೆಂಡಿಗೊಮ್ಮೆ ಮರುಕಳಿಸುತ್ತದೆ, ಅಂದರೆ 50 ಹರ್ಟ್ಸ್ ಕಾಣಿಸಿಕೊಳ್ಳುತ್ತದೆ. ಆದರೆ ಎವಿಆರ್ ಫೀಲ್ಡ್ ಪ್ರವಾಹವನ್ನು ಎಂದಿನಂತೆ ಹಿಡಿದಿಟ್ಟಿರುವುದರಿಂದ, ಸೋಸಿದ ಮೀಟರ್ ಎಂದಿನ ಅಂಕಿಯನ್ನೇ ತೋರಿಸುತ್ತಿರುತ್ತದೆ. ಐಸೊಲೇಶನ್ ಆಂಪ್ಲಿಫೈಯರ್‌ನ ಔಟ್‌ಪುಟ್‌ನಲ್ಲಿ ಅಲೆಯ ಆಕಾರವನ್ನು ಆರು ತಿಂಗಳಿಗೊಮ್ಮೆ ದಾಖಲಿಸಿಡಿ. ಆರೂ ಶಿಖರಗಳು ಸಮವಾಗಿಲ್ಲದಿದ್ದರೆ ಸಿಂಕ್ರೊನೈಸಿಂಗ್ ವೋಲ್ಟೇಜಿನ ಫಿಲ್ಟರ್‌ಗಳಲ್ಲಿ ಫೇಸ್ ಸರಿದಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಆಸಿಲೊಸ್ಕೋಪನ್ನು ಫೀಲ್ಡಿಗೆ ನೇರವಾಗಿ ಎಂದೂ ಹಚ್ಚಬಾರದು.

## ಅನುಭವಿಗಳ ಪ್ರಶ್ನೆಗಳು

ವೋಲ್ಟೇಜು, ಪ್ರವಾಹ ಎರಡೂ ಸರಿ, ಎಂವಿಎಆರ್ ಮಾತ್ರ ತಪ್ಪು. ಇದು ಹೇಗೆ ಸಾಧ್ಯ?

ಎರಡು ಸಂಕೇತಗಳ ಗಾತ್ರ ಸರಿಯಿದ್ದು ಅವುಗಳ ನಡುವಿನ ಕೋನ ತಪ್ಪಿದೆ. ಯಂತ್ರ 210 ಮೆಗಾವ್ಯಾಟ್ ಕೊಡುತ್ತಿರುವಾಗ ಕೋನದಲ್ಲಿ 1 ಡಿಗ್ರಿ ತಪ್ಪಾದರೆ ಎಂವಿಎಆರ್‌ನಲ್ಲಿ ಸುಮಾರು 3.7ರಷ್ಟು ತಪ್ಪು ಬರುತ್ತದೆ, ಮೆಗಾವ್ಯಾಟ್‌ನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಸಹಾಯಕ ಸಿಟಿಯ ಬರ್ಡನ್ (ದ್ವಿತೀಯಕಕ್ಕೆ ಸೇರಿದ ಭಾರ) ರೆಸಿಸ್ಟರ್ ಬದಲಾದಾಗ ಅಥವಾ ವೋಲ್ಟೇಜು ಮತ್ತು ಪ್ರವಾಹದ ಫಿಲ್ಟರ್‌ಗಳು ಬೇರೆ ಬೇರೆ ವೇಗದಲ್ಲಿ ಹಳತಾದಾಗ ಹೀಗಾಗುತ್ತದೆ. ಫೀಲ್ಡ್ ಅತಿಯಾಗಿ ಕುಗ್ಗದಂತೆ ತಡೆಯುವ ಅಂಡರ್ ಎಕ್ಸೈಟೇಶನ್ ಲಿಮಿಟರ್ ಮೆಗಾವ್ಯಾಟ್ ಮತ್ತು ಎಂವಿಎಆರ್‌ಗಳನ್ನೇ ನಂಬಿ ಕೆಲಸ ಮಾಡುವುದರಿಂದ, ರಾತ್ರಿ ಗ್ರಿಡ್ ವೋಲ್ಟೇಜು ಏರಿ ಯಂತ್ರ ಎಂವಿಎಆರ್ ಹೀರಿಕೊಳ್ಳುವ ಹೊತ್ತಿನಲ್ಲಿ ಈ ತಪ್ಪು ಮೈಮೇಲೆ ಬರುತ್ತದೆ. ಇಂಜೆಕ್ಷನ್ ಮಾಡುವಾಗ ಕೋನವನ್ನು 0, 30, 60 ಮತ್ತು 90 ಡಿಗ್ರಿಗಳಲ್ಲಿ, ಲ್ಯಾಗ್ (ಪ್ರವಾಹ ಹಿಂದುಳಿದು) ಮತ್ತು ಲೀಡ್ (ಮುಂದಾಗಿ) ಎರಡೂ ಕಡೆ ಕೊಟ್ಟು ನೋಡುವುದೇ ಇದಕ್ಕೆ ಔಷಧ.

ಹಳೆಯ ಟ್ರಾನ್ಸ್‌ಡ್ಯೂಸರ್ ಸಿಗುತ್ತಿಲ್ಲ. ಅದೇ ರೇಂಜಿನ ಬೇರೆಯದು ಹಾಕಿದರೆ ನಡೆಯುತ್ತದೆಯೇ?

ರೇಂಜ್ ಒಂದೇ ಆದರೆ ಸಾಲದು, ವೇಗವೂ ಒಂದೇ ಆಗಿರಬೇಕು. ಮೀಟರ್‌ಗೆಂದು ಮಾಡಿದ ಟ್ರಾನ್ಸ್‌ಡ್ಯೂಸರ್‌ಗಳು ನಿಧಾನ. 0.1 ಸೆಕೆಂಡ್ ಕಾಲ ಸ್ಥಿರಾಂಕವಿರುವ ಘಟಕ 1 ಹರ್ಟ್ಸ್ ಆಂದೋಲನವನ್ನು ಸುಮಾರು 32 ಡಿಗ್ರಿ ತಡವಾಗಿ ತೋರಿಸುತ್ತದೆ, 0.02 ಸೆಕೆಂಡ್ ಆದರೆ ಬರೀ 7 ಡಿಗ್ರಿ. ಸ್ಟೆಬಿಲೈಸರ್ ತಣಿಸಬೇಕಾದ ಆಂದೋಲನಗಳು ಹೆಚ್ಚು ಕಡಿಮೆ 0.1ರಿಂದ 2 ಹರ್ಟ್ಸ್ ನಡುವೆಯೇ ಇರುವುದರಿಂದ, ಹೊಂದಿಸಿಟ್ಟ ಸ್ಟೆಬಿಲೈಸರ್‌ಗೆ 25 ಡಿಗ್ರಿಯ ಅಧಿಕ ತಡ ಸೇರಿದರೆ ಅದರ ತಣಿಸುವ ಶಕ್ತಿ ಕುಗ್ಗುತ್ತದೆ. ಭಾರ ಸ್ಥಿರವಾಗಿರುವಾಗ ಇದರ ಸುಳಿವೂ ಸಿಗುವುದಿಲ್ಲ. ನಿಯಂತ್ರಣದ ದಾರಿಯಲ್ಲಿರುವ ಯಾವುದೇ ಘಟಕವನ್ನು ಬದಲಾಯಿಸುವಾಗ ಅದರ ಸ್ಪಂದನ ಕಾಲವನ್ನು ಬೆಂಚಿನ ಮೇಲೆ ಅಳೆಯಿರಿ. ಅದು ಬೇರೆಯಾಗಿದ್ದರೆ ಸ್ಟೆಬಿಲೈಸರ್ ಅನ್ನು ಮತ್ತೆ ಹೊಂದಿಸಿಯೇ ಬಳಸಿ.

ಕಾರ್ಡು ಬದಲಾಯಿಸಿದ ಮೇಲೆ ಗ್ರಿಡ್‌ಗೆ ಸೇರಿಸುವವರೆಗೆ ಯಾವ ಕ್ರಮ?

ಮೊದಲು ಯಂತ್ರ ನಿಂತಿರುವಾಗ ಇಂಜೆಕ್ಷನ್ ಮುಗಿಸಿ. ವೇಗಕ್ಕೆ ಬಂದ ಮೇಲೆ ಮ್ಯಾನುಯಲ್‌ನಲ್ಲಿ ಫೀಲ್ಡ್ ಕೊಟ್ಟು ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತ, ಎರಡೂ ಚಾನೆಲ್‌ಗಳನ್ನು ಸ್ವತಂತ್ರವಾದ ಒಂದು ಮೀಟರ್‌ನೊಡನೆ ಹೋಲಿಸಿ, ಫೇಸ್ ಕ್ರಮ ನೋಡಿ. ವ್ಯತ್ಯಾಸ ಸೊನ್ನೆಯ ಹತ್ತಿರ ಇದ್ದಾಗ ಆಟೋಗೆ ಬನ್ನಿ. ಭಾರವಿಲ್ಲದೆ ಶೇ. 5ರ ಸ್ಟೆಪ್ ಕೊಟ್ಟು ಬಂದ ಅಲೆಯನ್ನು ಕಮಿಷನಿಂಗ್ ಕಾಲದ ದಾಖಲೆಯ ಮೇಲಿಟ್ಟು ಹೋಲಿಸಿ. ವೋಲ್ಟೇಜು ಗುರಿ ದಾಟಿ ಹಾರುವುದು ಹೆಚ್ಚಿದ್ದರೆ ಅಳತೆಯ ದಾರಿಯಲ್ಲಿ ತಡ ಹೆಚ್ಚಿರಬಹುದು.

ಸಿಟಿಯ ದಿಕ್ಕು ಸರಿಯಿದೆಯೇ ಎಂಬುದು ಗ್ರಿಡ್‌ಗೆ ಸೇರಿದ ಮೇಲೆಯೇ ಪೂರ್ತಿ ಖಚಿತವಾಗುವುದರಿಂದ, ಅಲ್ಲಿಯವರೆಗೆ ರಿಯಾಕ್ಟಿವ್ ಕಾಂಪೆನ್ಸೇಶನ್ (ರಿಯಾಕ್ಟಿವ್ ಪ್ರವಾಹಕ್ಕೆ ತಕ್ಕಂತೆ ವೋಲ್ಟೇಜಿನ ಗುರಿಯನ್ನು ಸರಿಸುವ ವ್ಯವಸ್ಥೆ) ಅನ್ನು ಸೊನ್ನೆಯಲ್ಲಿಡಿ, ಸ್ಟೆಬಿಲೈಸರ್ ಆಫ್ ಇರಲಿ. ಕಡಿಮೆ ಭಾರದಲ್ಲಿ ಫೀಲ್ಡನ್ನು ತುಸು ಏರಿಸಿ. ಎವಿಆರ್ ಪರದೆಯಲ್ಲಿ ಮೆಗಾವ್ಯಾಟ್ ಅಲುಗದೆ ಎಂವಿಎಆರ್ ಲ್ಯಾಗ್ ಕಡೆಗೆ ಏರಬೇಕು, ಕಂಟ್ರೋಲ್ ರೂಮಿನ ಮೀಟರ್ ಅದೇ ಅಂಕಿಯನ್ನು ತೋರಿಸಬೇಕು. ಎಂವಿಎಆರ್ ಇಳಿಯುವಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಸಿಟಿ ತಂತಿಗಳನ್ನು ನೋಡಿ. ಸರಿಯಿದ್ದರೆ ಕಾಂಪೆನ್ಸೇಶನ್ ಅನ್ನು ಹಳೆಯ ಸೆಟ್ಟಿಂಗ್‌ಗೆ ತಂದು, ಕೊನೆಯಲ್ಲಿ ಸ್ಟೆಬಿಲೈಸರ್ ಆನ್ ಮಾಡಿ, ಅದು ಆನ್ ಆದ ಹೊತ್ತನ್ನು ಲಾಗ್ ಪುಸ್ತಕದಲ್ಲಿ ಬರೆಯಿರಿ.